ಗಮ್ಮು ಒಣಗುವ ಮುನ್ನ

ಆ ಹಿಂಬಾಗಿಲನ್ನು ನಾನು ಈಗಲೂ ತಳ್ಳುತ್ತಿರುತ್ತೇನೆ. ಬಸ್ಸಿನಲ್ಲಿ ನಿಂತಿರುವಾಗ, ಕಾಲೇಜಿನಲ್ಲಿ ಪಾಠ ಮಾಡುತ್ತಿರುವಾಗ ಇದ್ದಕ್ಕಿದ್ದಂತೆ ಬಲಭುಜ ಬಿಗಿಯುತ್ತದೆ. ಬಾಗಿಲು ಬೆರಳು ತೂರುವಷ್ಟು ಸರಿದು ನಿಲ್ಲುತ್ತದೆ. ಆ ಸಂದಿಯಲ್ಲಿ ಭಾವನ ಧ್ವನಿ.

ಜೆ.ಪಿ. ನಗರದಲ್ಲಿ, ಸಾರಕ್ಕಿ ಸಿಗ್ನಲ್‌ನಿಂದ ಸ್ವಲ್ಪ ಒಳಗೆ, ಅಕ್ಕ ಭಾವ ಒಂದು ಹಾಲ್ ಬಾಡಿಗೆಗೆ ಹಿಡಿದಿದ್ದರು. ಪುಟ್ಟ ಮಕ್ಕಳು ಬಂದು ಆಡಿಹೋಗುವ ಜಾಗ ಮಾಡಬೇಕೆಂದು. ನೆಲಕ್ಕೆ ಪ್ಲಾಸ್ಟಿಕ್ ಹುಲ್ಲು ಹಾಸುವುದೊಂದು ಬಾಕಿ ಇತ್ತು. ಸಾಮಾನ್ಯವಾಗಿ ಅಂಚಿನಲ್ಲಿ, ಎರಡು ತುಂಡು ಸೇರುವ ಕಡೆ ಮಾತ್ರ ಅಂಟು ಹಚ್ಚುತ್ತಾರಂತೆ. ಹುಲ್ಲು ಎದ್ದು ಮಕ್ಕಳು ಎಡವಿದರೆ ಏನು ಗತಿ ಎಂದು ಅಕ್ಕ ಹಟ ಹಿಡಿದು ನೆಲಕ್ಕೆಲ್ಲ ಹಚ್ಚಿಸುತ್ತಿದ್ದಳು.

ಅವತ್ತು ಶುಕ್ರವಾರ. ನಾನು ಹೋದಾಗ ಹಾಲ್‌ನ ಹಿಂಭಾಗಕ್ಕೆ ಹುಲ್ಲು ಹಾಸಿಯಾಗಿತ್ತು. ಮುಂಭಾಗಕ್ಕೆ ಅಂಟು ಬಳಿದು, ಅದು ಸ್ವಲ್ಪ ಬಿಗಿಯಾಗಲೆಂದು ಬಿಟ್ಟಿದ್ದರು. ಹಾಸುವವನು ಬ್ಲೇಡು ತರಲು ಅಂಗಡಿಗೆ ಹೋಗಿದ್ದ. ರಸ್ತೆಯ ಧೂಳು ಅಂಟಿನ ಮೇಲೆ ಕೂರಬಾರದೆಂದು ಕಿಟಕಿಗಳನ್ನೆಲ್ಲ ಮುಚ್ಚಿ, ಶಟರ್ ಅನ್ನು ಮೊಣಕಾಲೆತ್ತರಕ್ಕೆ ಇಳಿಸಿದ್ದರು. ಭಾವ ಒಬ್ಬರೇ ಒಳಗೆ, ಹಿಂಗೋಡೆಯ ಹತ್ತಿರ, ಉಳಿದಿದ್ದ ಕೊನೆಯ ಸುರುಳಿಯ ಮೇಲೆ ಕೂತಿದ್ದರು. ಚಪ್ಪಲಿ ಹೊರಗೇ, ಅಕ್ಕ ಮತ್ತು ನಾನು ನಿಂತಿದ್ದ ಹೊಸ್ತಿಲ ಬಳಿ ಬಿಟ್ಟಿದ್ದರು.

ಕಟ್ಟಡದ ಯಜಮಾನರು ಬೂದುಗುಂಬಳಕಾಯಿ ಹಿಡಿದುಕೊಂಡು ಬಂದರು. ಸಾರಕ್ಕಿ ಊರಾಗಿದ್ದ ಕಾಲದಿಂದ ಅಲ್ಲೇ ಇರುವ ಮನೆತನ. ಬಾಡಿಗೆಗೆ ಬಂದವರು ಚೆನ್ನಾಗಿರಬೇಕೆಂದು ನಿಜವಾಗಿಯೂ ಬಯಸುವ ಮನುಷ್ಯ.

"ಹತ್ತೂವರೆಗೆ ರಾಹುಕಾಲ ಶುರು ಆಗ್ಬಿಡ್ತದೆ ಕಣಮ್ಮಾ. ಅಷ್ಟರೊಳಗೆ ದೃಷ್ಟಿ ತೆಗೆದು ಒಡೆದ್ಬಿಡೋಣ."

"ಒಳಗೆ ಮಾತ್ರ ಬೇಡ ಅಂಕಲ್," ಅಂದಳು ಅಕ್ಕ. "ಮೊನ್ನೆ ತಾನೆ ಪೇಂಟ್ ಮಾಡ್ಸಿದೀವಿ, ಕರ್ಪೂರದ ಹೊಗೆ ಹತ್ಕೊಳ್ಳುತ್ತೆ."

"ಹೊಸ್ಲತ್ರಾನೇ ತೆಗೀತೀನಿ, ಬಿಡು. ಅದೇನು ಆ ಪಾಟಿ ವಾಸನೆ?"

ಒಳಗಿನಿಂದ ಭಾವ ಕೂಗಿದರು: "ಗಮ್ಮು ಯಜಮಾನ್ರೆ, ಗಮ್ಮು!"

"ಗಮ್ಮಾ? ನಮ್ ಮೊಮ್ಮಗಳು ಸ್ಕೂಲ್ ಬ್ಯಾಗಲ್ಲಿ ಇಟ್ಕೊಂಡಿರ್ತಾಳಲ್ಲ, ಅದಾ?"

"ಅದರ ದೊಡ್ಡಪ್ಪ!"

ಎಲ್ಲರೂ ನಕ್ಕೆವು. ನಮ್ಮ ಬಾಯಲ್ಲಿ ಅದಕ್ಕೆ ಬೇರೆ ಹೆಸರೇ ಇರಲಿಲ್ಲ. ಹಾಸುವವನೂ ಗಮ್ಮು ಎನ್ನುತ್ತಿದ್ದ, ಮಾರಿದ ಅಂಗಡಿಯವನೂ ಗಮ್ಮು ಎಂದೇ ಕೊಟ್ಟಿದ್ದ. ಲಕೋಟೆ ಅಂಟಿಸುವ, ಮಕ್ಕಳು ಬೆರಳಿಗೆ ಮೆತ್ತಿಕೊಂಡು ಸುಲಿಯುವ ವಸ್ತುವಿನ ಹೆಸರು ಅದು. ಆ ಹೆಸರಿಗೆ ಯಾರು ಹೆದರುತ್ತಾರೆ? ಅದರ ಆವಿ ಗಾಳಿಗಿಂತ ಭಾರ, ನೆಲ ಹಿಡಿದು ನೀರಿನಂತೆ ಶಟರ್ ಕೆಳಗಿಂದ ಹೊಸ್ತಿಲು ದಾಟಿ ಬಂದಿತ್ತು ಎಂದು ಅಗ್ನಿಶಾಮಕದವರು ಹೇಳಿದ್ದು ಆಮೇಲೆ.

ಯಜಮಾನರು ಕುಂಬಳಕಾಯಿಯ ಮೇಲೆ ಕರ್ಪೂರ ಹಚ್ಚಿದರು. ಬಲಕ್ಕೆ ಸುತ್ತಿಸಿದರು, ಎಡಕ್ಕೆ ಸುತ್ತಿಸಿದರು. ಒಡೆಯಲು ಬಗ್ಗಿದರು.

ದೊಡ್ಡ ಸದ್ದೇನೂ ಆಗಲಿಲ್ಲ. ಉಫ್ ಎಂದು ಯಾರೋ ಊದಿದ ಹಾಗೆ. ಅವರ ಪಾದದ ಬಳಿಯಿಂದ ನೀಲಿಯದೊಂದು ಹಾಳೆ ಸರ್ರನೆ ಒಳಗೆ ಓಡಿತು. ಮರುಕ್ಷಣವೇ ಶಟರ್ ಕೆಳಗೆಲ್ಲ ಕೆಂಪು. ಯಜಮಾನರು ಪಂಚೆ ಕೊಡವಿಕೊಳ್ಳುತ್ತ ಹಿಂದಕ್ಕೆ ಬಿದ್ದರು. ಅಕ್ಕ ಶಟರ್‌ಗೆ ಕೈಹಾಕಿ ಎತ್ತಿದಳು. ಹಾಲ್‌ನ ಮುಂಭಾಗವೆಲ್ಲ ಉರಿಯುತ್ತಿತ್ತು. ಅದರಾಚೆ ಭಾವ ಎದ್ದುನಿಂತಿದ್ದು ಕಂಡಿತು, ಆಮೇಲೆ ಹೊಗೆಯಲ್ಲಿ ಕಾಣಲಿಲ್ಲ.

"ಹಿಂದಿನ ಬಾಗ್ಲು!" ಎಂದು ಕಿರುಚಿದಳು. "ಓಡೋ, ಹಿಂದಿನ ಬಾಗ್ಲು!"

ಕಟ್ಟಡದ ಪಕ್ಕದ ಸಂದಿಯಲ್ಲಿ ಓಡಿದೆ. ಚಿಲಕಕ್ಕೆ ಬೀಗವಿರಲಿಲ್ಲ. ತೆಗೆದು ತಳ್ಳಿದೆ. ಬೆರಳು ತೂರುವಷ್ಟು ಸರಿದು ನಿಂತುಬಿಟ್ಟಿತು. ಹುಲ್ಲಿನ ಬುಡಕ್ಕೆ ಹರಡಲು ತರಿಸಿದ್ದ ರಬ್ಬರ್ ಕಾಳಿನ ಮೂಟೆಗಳನ್ನೆಲ್ಲ ಆ ಬಾಗಿಲಿಗೇ ಒರಗಿಸಿ ಪೇರಿಸಿದ್ದರು.

"ಮೂಟೆ ಕಣೋ!" ಸಂದಿಯಲ್ಲಿ ಭಾವನ ಕೆಮ್ಮು. "ಒಂದನ್ನ ಎಳೀತಿದೀನಿ... ತಳ್ಳು!"

"ತಳ್ತಿದೀನಿ ಭಾವ!"

"ಇನ್ನೂ ಜೋರಾಗಿ ತಳ್ಳೋ!"

ಭುಜ ಕೊಟ್ಟೆ, ಬೆನ್ನು ಕೊಟ್ಟೆ, ಕಾಲು ಗೋಡೆಗೆ ಒತ್ತಿ ತಳ್ಳಿದೆ. ಬಾಗಿಲು ಕದಲಲಿಲ್ಲ. ಸಂದಿಯಿಂದ ಕಪ್ಪು ಹೊಗೆ ಮುಖಕ್ಕೆ ಬಡಿಯಿತು. ಆಮೇಲೆ ಅವರ ಧ್ವನಿ ನಿಂತಿತು.

ಭಾವ ಎಂದು ಕೂಗಿದೆ. ಮತ್ತೆ ಕೂಗಿದೆ. ಅಕ್ಕನಿಗೆ ಏನು ಹೇಳಲಿ ಎಂಬ ಯೋಚನೆ ಆಗಲೇ ತಲೆಯೊಳಗೆ ಬಂದಿತ್ತು. ತಳ್ಳುತ್ತಿರುವಾಗಲೇ ಬಂದಿತ್ತು. ಅದನ್ನು ನಾನು ಇದುವರೆಗೆ ಯಾರಿಗೂ ಹೇಳಿಲ್ಲ.

ಧ್ವನಿ ನಿಂತ ಮೇಲೂ ನಾನು ಅಲ್ಲಿ ಹೀಗೆ ತಳ್ಳುತ್ತಿದ್ದಾಗ ಭಾವ ಒಳಗೆ ಇರಲೇ ಇಲ್ಲ. ಮೂಟೆ ಎಳೆಯುವುದನ್ನು ಬಿಟ್ಟು, ಕೂತಿದ್ದ ಸುರುಳಿಯನ್ನು ಬೆಂಕಿಯ ಕಡೆ ತಳ್ಳಿ ಬಿಚ್ಚಿಸಿದ್ದರು. ಅದು ಬಿದ್ದ ಕಡೆ ಜ್ವಾಲೆ ಒಂದು ಗಳಿಗೆ ಅಡಗಿತ್ತು. ಆ ಪಟ್ಟಿಯ ಮೇಲೆ ಬರಿಗಾಲಲ್ಲಿ ಓಡಿ, ಶಟರ್ ದಾಟಿ, ಅಕ್ಕನ ಮೇಲೆಯೇ ಬಿದ್ದಿದ್ದರು. ಸುರುಳಿ ಶಟರ್‌ವರೆಗೆ ಸಾಲಲಿಲ್ಲ. ಕೊನೆಯ ನಾಲ್ಕು ಹೆಜ್ಜೆ ಉರಿಯುವ ಅಂಟಿನ ಮೇಲೆಯೇ. ಅಂಟು ಪಾದಕ್ಕೆ ಹತ್ತಿಕೊಂಡು ಹೊರಗೆ ಬಂದ ಮೇಲೂ ಉರಿಯುತ್ತಿತ್ತಂತೆ. ಪಕ್ಕದಲ್ಲಿ ಹಾಲು ಮಾರುವ ಬೂತ್‌ನವನು ಒದ್ದೆ ಗೋಣಿಚೀಲ ಸುತ್ತಿ ಆರಿಸಿದ. ಇದೆಲ್ಲ ನಾನು ಕೇಳಿ ತಿಳಿದದ್ದು. ಕಣ್ಣಾರೆ ಕಂಡದ್ದು ಆ ಬಾಗಿಲೊಂದನ್ನೇ.

ಯಜಮಾನರು ಆಸ್ಪತ್ರೆಗೆ ಬಂದು ಬಾಗಿಲಲ್ಲೇ ನಿಂತು ಅತ್ತು ಹೋದರು. "ಒಳ್ಳೇದಾಗ್ಲಿ ಅಂತಾನೇ ತಾನೆ ಮಾಡ್ದೆ?" ಎಂದು ಕೇಳಿದರು.

ಪಾದಗಳಿಗೆ ತೊಡೆಯ ಚರ್ಮ ತೆಗೆದು ಹಾಕಿದರು. ಒಂದು ಸಲ ಹಿಡಿಯಿತು, ಒಂದು ಸಲ ಹಿಡಿಯಲಿಲ್ಲ. ಭಾವ ಮತ್ತೆ ನಡೆಯುತ್ತಾರೋ ಇಲ್ಲವೋ ಎಂದು ಡಾಕ್ಟರನ್ನು ನೇರವಾಗಿ ಕೇಳುವ ಧೈರ್ಯ ನನಗಾಗಲಿ ಅಕ್ಕನಿಗಾಗಲಿ ಇರಲಿಲ್ಲ. ಕಳೆದ ವಾರ ಅವರನ್ನು ಮೊದಲ ಬಾರಿ ನಿಲ್ಲಿಸಿದರು. ಒಂದು ತೋಳಿಗೆ ಅಕ್ಕ, ಇನ್ನೊಂದಕ್ಕೆ ನಾನು. ಅವರು ಕೆಳಗೆ ನೋಡಲಿಲ್ಲ, ಎದುರಿನ ಗೋಡೆಯನ್ನೇ ನೋಡುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, ಅಕ್ಕನಿಗೆ ಕೇಳಿಸದಷ್ಟು ಮೆಲ್ಲಗೆ ಕೇಳಿದರು:

"ನೆಲಕ್ಕೆ ತಾಗಿದ್ಯೇನೋ ಕಾಲು? ನಂಗೆ ಗೊತ್ತಾಗ್ತಿಲ್ಲ."

"ತಾಗಿದೆ ಭಾವ," ಅಂದೆ. "ನಿಂತಿದೀರ."