ಅಮ್ಮನ ಪಾಲಿನ ಅನ್ನ

ನಮ್ಮ ಗೋಡೆಯ ಆಚೆ ಬದಿಯ ಮನೆಯವನನ್ನು ಓಣಿಯವರೆಲ್ಲ ಟೇಲರಣ್ಣ ಎನ್ನುತ್ತಾರೆ. ಪೇಟೆಯ ದೊಡ್ಡ ಬಟ್ಟೆ ಅಂಗಡಿಯ ಬಾಗಿಲ ಪಕ್ಕದಲ್ಲೇ ಅವನ ಹೊಲಿಗೆ ಮಷೀನು. ಕೊಂಡ ಬಟ್ಟೆ ಮೈಗೆ ಕೂರದಿದ್ದರೆ ಅಲ್ಲೇ ಬಿಗಿ ಮಾಡಿ, ಸಡಿಲ ಮಾಡಿ ಕೊಡುವುದು ಅವನ ಕೆಲಸ. ಮದುವೆಯಾಗಲಿಲ್ಲ. ತಾಯಿಯೊಬ್ಬಳೇ ಅವನ ಸಂಸಾರ. ಆಕೆ ತೀರಿಹೋಗಿ ಎರಡು ವರ್ಷವಾಯಿತು.

ತಾಯಿ ಹೋದ ಮೇಲೆ ಅವನು ಊದತೊಡಗಿದ. ಬೇರೆಯವರಾದರೆ ಅಂಗಿ ಬಿಗಿಯಾದ ದಿನವೇ ಎಚ್ಚರಾಗುತ್ತಿದ್ದರು. ಇವನಿಗೆ ಬಿಗಿ ಎನ್ನುವುದೇ ತಿಳಿಯಲಿಲ್ಲ. ಸೊಂಟ ಒತ್ತಿತು ಅನ್ನಿಸಿದರೆ ಭಾನುವಾರ ಕೂತು ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಬಟ್ಟೆಯನ್ನು ಬಿಟ್ಟುಕೊಳ್ಳುತ್ತಿದ್ದ. ಅದು ಮುಗಿದ ಮೇಲೆ ಅದೇ ಬಣ್ಣದ ತುಂಡು ಕೂಡಿಸಿಕೊಂಡ. ಊರವರ ಅಳತೆಯನ್ನೆಲ್ಲ ಕಣ್ಣಲ್ಲೇ ಹೇಳುವವನು ತನ್ನ ಮೈಗೆ ಟೇಪು ಹಿಡಿದವನಲ್ಲ. ದೀಪದ ಬುಡದಲ್ಲೇ ಕತ್ತಲೆ.

ಕಡೆಗೆ ತಿಳಿಸಿದ್ದು ಅಂಗಡಿಯ ಯಜಮಾನರು. ಅಂಗಡಿಯ ರಿಪೇರಿ ಶುರುವಾಗಿತ್ತು, ಬಾಗಿಲ ಬಳಿಯ ಜಾಗ ಗಿರಾಕಿಗಳ ಚಪ್ಪಲಿ ಜೋಡಿಸಲು ಬೇಕಾಯಿತು. ಮಷೀನು ಇನ್ನು ಅಟ್ಟದ ಮೇಲೆ. ಅಟ್ಟಕ್ಕೆ ಇರುವುದು ಕಬ್ಬಿಣದ ಕಡಿದಾದ ಏಣಿ.

"ಒಂದ್ಸಲ ಹತ್ತಿ ತೋರ್ಸಪ್ಪ," ಅಂದರಂತೆ.

ಅರ್ಧಕ್ಕೇ ಉಸಿರು ಕಟ್ಟಿತು. ಕಂಬಿ ಹಿಡಿದುಕೊಂಡು ಹಿಮ್ಮುಖವಾಗಿ ಇಳಿದ.

"ರಿಪೇರಿ ಮುಗಿಯೋದ್ರೊಳಗೆ ಮೈ ಇಳಿಸ್ಕೋ. ಆಗಲ್ಲ ಅಂದ್ರೆ ಬೇರೆಯವರನ್ನ ನೋಡ್ಬೇಕಾಗತ್ತೆ. ಬೇಜಾರು ಮಾಡ್ಕೋಬೇಡ."

ಆ ಕೆಲಸ ಹೋದರೆ ಅವನಿಗೆ ಹೊಟ್ಟೆಪಾಡಷ್ಟೇ ಹೋಗುವುದಿಲ್ಲ. ದಿನಕ್ಕೆ ನಾಲ್ಕು ಜನರ ಜೊತೆ ಮಾತಾಡುವುದು ಅವನು ಅಲ್ಲಿ ಮಾತ್ರ. ಡಾಕ್ಟರ ಹತ್ತಿರ ಹೋದ. ಈಗ ತಿನ್ನುವುದರಲ್ಲಿ ಅರ್ಧ ತಿನ್ನು, ನಡೆ ಅಂದರು. ಕೆಲವು ವಾರ ಕಳೆದ ಮೇಲೆ ನಮ್ಮ ಮೆಟ್ಟಿಲ ಮೇಲೆ ಬಂದು ಕೂತ.

"ಅರ್ಧನೇ ತಿಂತಿದೀನಿ ಚಿಕ್ಕಮ್ಮ. ಆದ್ರೂ ಇಳೀತಾ ಇಲ್ಲ."

"ಗಾಳಿ ಕುಡಿದು ಊದ್ತಿದೀಯೇನೋ?"

ನಕ್ಕ. ಆದರೆ ನಮ್ಮಿಬ್ಬರ ನಡುವಿನ ಗೋಡೆ ತೆಳು. ಅವನ ಸೌಟು ಪಾತ್ರೆಗೆ ತಗುಲುವುದು ನನಗೆ ಕೇಳುತ್ತದೆ. ಒಮ್ಮೆ ಬಡಿಸಿಕೊಳ್ಳುತ್ತಾನೆ. ಸ್ವಲ್ಪ ಹೊತ್ತು ಬಿಟ್ಟು ತಳ ಕೆರೆದು ಮತ್ತೊಮ್ಮೆ.

"ಎರಡನೇ ಸಲ ಬಡಿಸ್ತೀಯಲ್ಲ, ಅದು ಯಾರಿಗೆ?"

"ಅದು ನಂದಲ್ಲ. ಅಮ್ಮಂದು. ಕೈ ಇನ್ನೂ ಇಬ್ಬರಿಗೇ ಅಕ್ಕಿ ಹಾಕತ್ತೆ. ನನ್ನ ಪಾಲಲ್ಲಿ ಅರ್ಧ ಮಾಡ್ಕೊಂಡೆ. ಅಮ್ಮನ ಪಾಲು ಚೆಲ್ಲೋಕಾಗತ್ತಾ?"

ಅವನು ಸುಳ್ಳು ಹೇಳಿರಲಿಲ್ಲ. ಅವನ ತಾಯಿಯನ್ನು ನಾನೂ ನೋಡಿದ್ದೇನೆ. ತನ್ನ ತಟ್ಟೆಯಲ್ಲಿ ಅರ್ಧ ಉಂಡು, "ನಂಗೆ ಸಾಕು, ನೀನು ತಿನ್ನು" ಎಂದು ಉಳಿದದ್ದನ್ನು ಮಗನ ತಟ್ಟೆಗೆ ಸರಿಸುತ್ತಿದ್ದಳು. ಆ ಅನ್ನವನ್ನು ಅವನು ಯಾವತ್ತೂ ತನ್ನ ಊಟ ಎಂದು ಎಣಿಸಿದವನೇ ಅಲ್ಲ.

"ಹಾಲು ಕಾಯಿಸೋ ಚಿಕ್ಕ ಪಾತ್ರೆ ಇದೆಯಲ್ಲ, ಅದರಲ್ಲಿ ಅನ್ನ ಮಾಡು. ಜಾಸ್ತಿ ಹಾಕೋಣ ಅಂದ್ರೂ ಹಿಡಿಸಲ್ಲ."

"ಅದರಲ್ಲಿ ಅನ್ನಕ್ಕಿಟ್ರೆ, ಈ ಮನೇಲಿ ಇನ್ಯಾರೂ ಇಲ್ಲ ಅಂತ ನಾನೇ ಹೇಳಿದ ಹಾಗಾಗತ್ತೆ ಚಿಕ್ಕಮ್ಮ."

"ಹೇಳ್ಬೇಡ. ಬೇಯಿಸು," ಅಂದೆ.

ಎರಡು ದಿನ ಗೋಡೆಯಾಚೆ ಸದ್ದೇ ಇರಲಿಲ್ಲ. ಮೂರನೆಯ ದಿನ ಚಿಕ್ಕ ಪಾತ್ರೆಯ ಮುಚ್ಚಳ ಕುಣಿಯುವುದು ಕೇಳಿತು. ದೊಡ್ಡ ಪಾತ್ರೆಯನ್ನು ತೊಳೆದು ಅಟ್ಟಣಿಗೆಯ ಮೇಲೆ ಬೋರಲು ಹಾಕಿದ್ದ. ಅಂದಿನಿಂದ ತಟ್ಟೆಯಲ್ಲಿ ತರಕಾರಿ ಹೆಚ್ಚು, ಅನ್ನ ಒಂದೇ ಸಲ. ಚಹಾಕ್ಕೆ ಸಕ್ಕರೆ ಬಿಟ್ಟ. ಅಂಗಡಿಯಲ್ಲಿ ಮಷೀನಿನ ಪಕ್ಕ ಸದಾ ತೆರೆದಿರುತ್ತಿದ್ದ ಬಿಸ್ಕತ್ತಿನ ಪೊಟ್ಟಣವನ್ನು ಅಲ್ಲಿ ಬಟ್ಟೆ ತೋರಿಸುವ ಹುಡುಗಿಯರಿಗೆ ಹಂಚಿಬಿಟ್ಟ. ಬಸ್ಸಿನಿಂದ ಒಂದು ನಿಲ್ದಾಣ ಮೊದಲೇ ಇಳಿದು ನಡೆದು ಬರತೊಡಗಿದ.

ಹಸಿವನ್ನು ಗೆದ್ದ. ಸಂಜೆಯನ್ನು ಮಾತ್ರ ಗೆಲ್ಲಲಾಗಲಿಲ್ಲ. ಮೊದಲು ಅಡುಗೆ, ಊಟ, ಮತ್ತೆ ಊಟ ಅಂತ ಹೊತ್ತು ಕರಗುತ್ತಿತ್ತು. ಈಗ ತಟ್ಟೆ ತೊಳೆದು ಇಟ್ಟರೂ ಕಿಟಕಿಯಲ್ಲಿ ಇನ್ನೂ ಬೆಳಕು.

"ಹೊಟ್ಟೆ ಈಗ ಅನ್ನ ಕೇಳಲ್ಲ ಚಿಕ್ಕಮ್ಮ, ಹೊತ್ತೇ ಹೋಗಲ್ಲ," ಅನ್ನುತ್ತಿದ್ದ.

ಓಣಿಯ ತುದಿಯ ತನಕ ನಡೆಯುತ್ತಿದ್ದ, ತಿರುಗಿ ಬರುತ್ತಿದ್ದ, ಬಾಗಿಲ ಮುಂದೆ ನಿಂತು ಯೋಚಿಸಿ ಮತ್ತೆ ಹೊರಡುತ್ತಿದ್ದ. ಅವನ ಚಪ್ಪಲಿಯ ಸದ್ದು ನನ್ನ ಕಿಟಕಿ ದಾಟುತ್ತಿತ್ತು. ಊಟ ಬಲ್ಲವನಿಗೆ ರೋಗವಿಲ್ಲ ಅನ್ನುತ್ತಾರೆ. ಊಟ ಕಡಿಮೆ ಮಾಡಿದವನು ಮಿಕ್ಕ ಹೊತ್ತನ್ನು ಏನು ಮಾಡಬೇಕು ಎಂದು ಯಾವ ಗಾದೆಯೂ ಹೇಳಿಲ್ಲ.

ಅಂಗಡಿಯ ರಿಪೇರಿ ಮುಗಿಯಿತು. ಎಲ್ಲರ ಎದುರು ಅವನು ಒಂದೇ ಉಸಿರಿಗೆ ಏಣಿ ಹತ್ತಿದ. ಯಜಮಾನರು ಭೇಷ್ ಅಂದರಂತೆ. ಕೆಲಸ ಉಳಿಯಿತು.

"ಮೇಲೆ ಹೇಗಿದೆಯಪ್ಪ?" ಎಂದು ಕೇಳಿದೆ.

"ಬೆಳಕು ಚೆನ್ನಾಗಿದೆ. ಗಾಳಿ ಬರತ್ತೆ. ಆದ್ರೆ ಬಟ್ಟೆ ಬುಟ್ಟೀಲಿ ಹಾಕಿ ಹಗ್ಗ ಎಳೆದು ಮೇಲೆ ಕಳಿಸ್ತಾರೆ. ಅಳತೆ ಚೀಟೀಲಿ ಇರತ್ತೆ. ಯಾರ ಬಟ್ಟೆ ಅಂತ ಗೊತ್ತಾಗಲ್ಲ. ಕೆಳಗಿದ್ದಾಗ ಮುಖ ನೋಡ್ಕೊಂಡು ಹೊಲೀತಿದ್ದೆ."

ಮೇಲೆ ಕುಡಿಯುವ ನೀರು ಇಟ್ಟಿದ್ದಾರೆ. ಆದರೂ ಅವನು ನೀರು ಕುಡಿಯಲು ಕೆಳಗೇ ಇಳಿಯುತ್ತಾನೆ, ಮತ್ತೆ ಹತ್ತುತ್ತಾನೆ.

"ಇಷ್ಟು ಸಣ್ಣ ಆದ್ರೂ ಈ ಅಣ್ಣನಿಗೆ ಸಾಕಾಗಿಲ್ಲ, ಹತ್ತಿ ಇಳಿದು ಇನ್ನೂ ಮೈ ಕರಗಿಸ್ತಾರೆ ನೋಡಿ ಅಂತ ಹುಡುಗೀರು ಆಡ್ಕೋತಾರೆ," ಅಂದ.

"ನಿಜ ಹೇಳ್ಬಾರದಾ ಅವರಿಗೆ?"

"ಬೇಡ ಬಿಡಿ ಚಿಕ್ಕಮ್ಮ. ಆಡ್ಕೊಳ್ಳೋಕಾದ್ರೂ ಮಾತಾಡಿಸ್ತಾರಲ್ಲ."