ಬೇವಿನ ಟೊಂಗೆಗೆ ಬಿಗಿದ ತಂತಿ

ಕಾರಿನ ಮೇಲೆ ಮರದ ಅಂಟು ಬಿದ್ದರೆ ಏನು ಮಾಡಬೇಕು ಎಂದು ಈಗ ಯಾರಾದರೂ ಕೇಳಿದರೆ ನಿಂತ ನಿಲುವಿನಲ್ಲೇ ಹೇಳಬಲ್ಲೆ. ಮೆತ್ತನೆಯ ಹತ್ತಿ ಬಟ್ಟೆಯನ್ನು ಬೆಚ್ಚಗಿನ ನೀರಿನಲ್ಲಿ ಅದ್ದಿ ಅಂಟಿನ ಮೇಲೆ ಹಾಸಿ ಸುಮ್ಮನೆ ಬಿಡಬೇಕು. ಚಹಾ ಕುದಿಯುವಷ್ಟು ಹೊತ್ತು ಸಾಕು. ಬೇವಿನ ಅಂಟು ನೆನೆದು ಬಟ್ಟೆಯ ಜೊತೆಗೇ ಎದ್ದು ಬರುತ್ತದೆ. ಅಂಚಿನಲ್ಲಿ ಏನಾದರೂ ಉಳಿದರೆ ಒಂದು ಹನಿ ಕೊಬ್ಬರಿ ಎಣ್ಣೆ, ಆಮೇಲೆ ಸಾಬೂನಿನ ನೀರು. ಉಗುರು ಹಾಕಬಾರದು, ಬ್ಲೇಡು ಹಾಕಬಾರದು, ಮುಖ್ಯವಾಗಿ ಸಿಟ್ಟಿಗೇಳಬಾರದು. ಇಷ್ಟೇ ವಿದ್ಯೆ. ಇದು ಮೊನ್ನೆಯ ಮಾಘ ಮಾಸದಲ್ಲಿ ನನಗೆ ಗೊತ್ತಿದ್ದಿದ್ದರೆ ಬೆಟಗೇರಿಯ ನಮ್ಮ ಓಣಿಯಲ್ಲಿ ಒಂದು ಬೇವಿನ ಟೊಂಗೆ ಇನ್ನೂ ಇರುತ್ತಿತ್ತು.

ನಾನು ಮುಳಗುಂದದ ಕಡೆ ಒಂದು ಶಾಲೆಯಲ್ಲಿ ಶಿಕ್ಷಕಿ. ಬಹಳ ವರ್ಷ ಬಸ್ಸಿನಲ್ಲಿ ನಿಂತು ಓಡಾಡಿ ಮೊಣಕಾಲು ಮಾತಾಡತೊಡಗಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತು, ಒಂದು ಕೆಂಪು ಕಾರು ಕೊಂಡೆ. ನನ್ನ ಗಂಡ ಅದಕ್ಕೆ ‘ನಿನ್ನ ಕೂಸು’ ಎನ್ನುತ್ತಿದ್ದರು. ತಪ್ಪೇನಿರಲಿಲ್ಲ. ದಿನಾ ಬೆಳಿಗ್ಗೆ ಅದನ್ನು ಒರೆಸಿದ ಮೇಲೆಯೇ ನಾನು ಚಹಾ ಕುಡಿಯುತ್ತಿದ್ದೆ. ನಮ್ಮ ಮನೆಗೆ ಅಂಗಳವಿಲ್ಲ, ನೆರಳೂ ಇಲ್ಲ. ಇದ್ದ ನೆರಳೆಲ್ಲ ಎದುರು ಮನೆಯವರದು.

ಎದುರು ಮನೆಯಾಕೆಯನ್ನು ಇಡೀ ಓಣಿಯೇ ದೊಡ್ಡವ್ವ ಎನ್ನುತ್ತದೆ. ಆಕೆಯ ಬಾಗಿಲ ಮುಂದಿನ ಬೇವಿನ ಮರದ ಒಂದು ದೊಡ್ಡ ಟೊಂಗೆ ಓಣಿಯನ್ನು ದಾಟಿ ನಮ್ಮ ಗೇಟಿನವರೆಗೆ ಚಾಚಿಕೊಂಡಿತ್ತು. ಮೆಣಸಿನಕಾಯಿ ಹಂಗಾಮು ಬಂತೆಂದರೆ ದೊಡ್ಡವ್ವ ಮತ್ತು ಓಣಿಯ ನಾಲ್ಕಾರು ಹೆಣ್ಣುಮಕ್ಕಳು ಆ ಟೊಂಗೆಯ ಕೆಳಗೆ ಗೋಣಿಚೀಲ ಹಾಸಿಕೊಂಡು ಕೂಡುತ್ತಾರೆ. ಒಣಮೆಣಸಿನಕಾಯಿಯ ರಾಶಿಯನ್ನು ಮುಂದೆ ಸುರುವಿಕೊಂಡು ಒಂದೊಂದರ ತೊಟ್ಟು ಮುರಿಯುವುದು ಅವರ ಕೆಲಸ. ಬೆಳಿಗ್ಗೆ ಕೂತರೆ ಸಂಜೆಯೇ ಏಳುವುದು. ಕಾರು ತಂದ ಹೊಸತರಲ್ಲಿ ಅದನ್ನು ಟೊಂಗೆಯ ಕೆಳಗೆ ನಿಲ್ಲಿಸಲೇ ಎಂದು ಕೇಳಿದ್ದೆ.

“ಮರಾ ಏನ ನಾ ಮಾಡೇನೇನ್ರಿ ಅಕ್ಕಾರ? ನೆಳ್ಳ ಬಿದ್ದಲ್ಲೆ ನಿಲ್ಲಸ್ರಿ,” ಎಂದಿದ್ದಳು ದೊಡ್ಡವ್ವ. ನಮ್ಮ ಕಡೆ ಶಾಲೆಯ ಶಿಕ್ಷಕಿಯರು ವಯಸ್ಸಿನಲ್ಲಿ ಸಣ್ಣವರಾದರೂ ಎಲ್ಲರಿಗೂ ಅಕ್ಕಾರೇ.

ಕೊಟ್ಟ ನೆರಳು ಸಾಲದು ಎನ್ನಿಸಿದ್ದು ನನಗೆ. ಚಳಿಗಾಲ ಮುಗಿಯುವಾಗ ಬೇವು ಎಲೆ ಉದುರಿಸುತ್ತದೆ, ನೆರಳು ಜಾಳಾಗುತ್ತದೆ. ಮೊದಲ ವರ್ಷ ಹಾಗಾದಾಗ ನಾನು ಹಸಿರು ಬಲೆ ತಂದು, ಸ್ಟೂಲು ಹತ್ತಿ, ಅದರ ಒಂದು ಅಂಚನ್ನು ನಮ್ಮ ಗೋಡೆಗೂ ಇನ್ನೊಂದು ಅಂಚನ್ನು ಆ ಟೊಂಗೆಗೂ ತಂತಿಯಿಂದ ಬಿಗಿದೆ.

“ಹಗ್ಗಾ ಕಟ್ಟು. ತಂತಿ ತೊಗಟಿಗೆ ಕೊರಿತೈತಿ,” ಎಂದರು ಗಂಡ.

“ಹಗ್ಗ ಜೋತು ಬೀಳತೈತಿ. ನಿಮಗೇನ ತಿಳಿತೈತಿ?” ಎಂದು ಇಕ್ಕಳದಿಂದ ಇನ್ನೊಂದು ಸುತ್ತು ತಿರುವಿದೆ.

ಮಳೆಗಾಲದ ಗಾಳಿಗೆ ಬಲೆ ಚಿಂದಿಯಾಯಿತು. ಅದನ್ನು ಕತ್ತರಿಸಿ ಎಸೆದೆ. ಟೊಂಗೆಯ ಸುತ್ತಿನ ತಂತಿ ಬಿಚ್ಚಲು ಮತ್ತೆ ಸ್ಟೂಲು ಹತ್ತಬೇಕಿತ್ತು. ನಾಳೆ ಬಿಚ್ಚಿದರಾಯಿತು ಎಂದುಕೊಂಡೆ, ಆಮೇಲೆ ಮರೆತೇಬಿಟ್ಟೆ.

ಮುಂದಿನ ಮಾಘದಲ್ಲಿ ಒಂದು ಬೆಳಿಗ್ಗೆ ಕಾರಿನ ಬಾನೆಟ್ಟಿನ ಮೇಲೆ ಬೆಲ್ಲದ ಪಾಕದ ಬಣ್ಣದ ಹನಿಗಳು ಗಟ್ಟಿಯಾಗಿ ಕೂತಿದ್ದವು. ಅವತ್ತು ಮುಂಡರಗಿಯಲ್ಲಿ ಅಣ್ಣನ ಮಗಳ ನಿಶ್ಚಯ. ಆರತಿಗೆಂದು ಒಯ್ಯುವ ಹಿತ್ತಾಳೆಯ ದೀಪಗಳನ್ನು ಹುಣಸೆಹಣ್ಣು, ನೀರೊಲೆಯ ಬೂದಿ ಹಾಕಿ ತಿಕ್ಕುತ್ತಾ ಕೂತಿದ್ದೆ. ಹನಿಗಳನ್ನು ನೋಡಿ ಉಗುರಿನಿಂದ ಕೆರೆದೆ, ಬರಲಿಲ್ಲ. ಹೊರಡುವ ಗಡಿಬಿಡಿ, ಕೈಯಲ್ಲಿ ಹೇಗಿದ್ದರೂ ಹುಣಸೆ-ಬೂದಿ ಇತ್ತು. ದೀಪಕ್ಕೆ ಹೊಳಪು ಕೊಡುವುದು ಕಾರಿಗೆ ಕೊಡದೇ ಇರುತ್ತದೆಯೇ? ತೆಂಗಿನ ನಾರು ಹಿಡಿದು, ಅವ್ವ ಹಬ್ಬದ ಮುಂಚೆ ಕೊಡ ತಿಕ್ಕುತ್ತಿದ್ದಂತೆ ಮೈಮೇಲೆ ಬಂದವಳಂತೆ ತಿಕ್ಕಿದೆ. ಅಂಟೇನೋ ಹೋಯಿತು. ನೀರು ಸುರುವಿ ನೋಡಿದರೆ ಬಾನೆಟ್ಟಿನ ನಡುವೆ ರೊಟ್ಟಿಯಗಲದ ಜಾಗ ಮಸುಕಾಗಿ, ಸಣ್ಣ ಸಣ್ಣ ಗೀರಿನಿಂದ ತುಂಬಿಹೋಗಿತ್ತು.

ಮುಂಡರಗಿಯಲ್ಲಿ ಇಳಿಯುತ್ತಿದ್ದಂತೆ ಬೀಗರ ಕಡೆಯ ಒಬ್ಬರು, “ಏನ್ರಿ ಇದು, ನಿಮ್ಮ ಗಾಡಿಗೆ ಇಸಬ ಆಗೇತೇನು?” ಎಂದು ನಕ್ಕರು. ಎಲ್ಲರೂ ನಕ್ಕರು. ನನ್ನ ಗಂಡ ಎಲ್ಲರಿಗಿಂತ ಜೋರಾಗಿ ನಕ್ಕರು. ವಾಪಸು ಬರುವ ದಾರಿಯುದ್ದಕ್ಕೂ ಸಿಟ್ಟು ಮಾಡಲು ಒಂದು ಆಸಾಮಿ ಬೇಕಿತ್ತು. ತಿಕ್ಕಿದ ಕೈ ನನ್ನದೇ. ಹಾಗಾಗಿ ಮರವನ್ನೇ ಹಿಡಿದೆ.

ಕಾರಿನಿಂದ ಇಳಿದವಳು ಮನೆಯೊಳಗೂ ಹೋಗದೆ ನೇರ ದೊಡ್ಡವ್ವನ ಮುಂದೆ ನಿಂತೆ. ಹೆಣ್ಣುಮಕ್ಕಳೆಲ್ಲ ತೊಟ್ಟು ಮುರಿಯುತ್ತಾ ಕೂತಿದ್ದರು.

“ನಿಮ್ಮ ಮರದಿಂದ ನನ್ನ ಗಾಡಿ ಹಾಳಾತು ನೋಡ್ರಿ ದೊಡ್ಡವ್ವ. ಆ ಟೊಂಗಿ ಕಡಸ್ರಿ.”

ಆಕೆ ಸೆರಗಿನಿಂದ ಮೂಗು ಒರೆಸಿಕೊಂಡು ಮೊದಲು ಟೊಂಗೆಯತ್ತ, ಆಮೇಲೆ ನನ್ನತ್ತ ನೋಡಿದಳು. ಸ್ವಲ್ಪ ಹೆಚ್ಚೇ ಹೊತ್ತು ನೋಡಿದಳು ಎಂದು ಈಗ ಅನ್ನಿಸುತ್ತದೆ.

“ಯುಗಾದಿ ಮಟ ತಡೀರಿ ಅಕ್ಕಾರ. ಹೂವರ ಆಗಲಿ. ನಮ್ಮದೂ ಹಂಗಾಮ ಮುಗೀತೈತಿ. ಅಲ್ಲಿ ಮಟ ಗಾಡಿ ಒಂಚೂರು ಆಕಡೆ ನಿಲ್ಲಸ್ರಿ.”

“ಬಿಸಲಾಗ ನಿಲ್ಲಸ್ಲೇನು? ಮರಾ ನಿಮ್ಮದು, ಅಂಟೂ ನಿಮ್ಮದು. ಲುಕ್ಸಾನು ಮಾತ್ರ ನಂದು?”

ಮೆಣಸಿನಕಾಯಿ ಮುರಿಯುವ ಸಪ್ಪಳ ನಿಂತಿತು.

“ಆತು ಬಿಡ್ರಿ,” ಎಂದಳು ದೊಡ್ಡವ್ವ. “ಅಕ್ಕಾರ ಮನಸಿಗೆ ಬಂದಂಗ ಆಗಲಿ.”

ಮುಂದಿನ ರವಿವಾರ ಕಡಿಯುವವನು ಕೊಡಲಿ, ಹಗ್ಗ ತಂದ. ಟೊಂಗೆ ಮುರಿದು ಬಿದ್ದಾಗ ಓಣಿಯಲ್ಲಿ ಒಮ್ಮೆಲೇ ಬೆಳಕಾಯಿತು, ಯಾರೋ ಮನೆಯ ಚಾವಣಿಯನ್ನೇ ಕಿತ್ತಂತೆ. ಅದನ್ನು ತುಂಡು ಮಾಡುವಾಗ ಕೊಡಲಿ ಠಣ್ ಎಂದಿತು.

“ಒಳಗ ತಂತಿ ಐತ್ರಿ ಬೇ,” ಎಂದ ಆತ.

ಎಲ್ಲರೂ ಬಗ್ಗಿ ನೋಡಿದೆವು. ತೊಗಟೆ ಉಬ್ಬಿ ತಂತಿಯನ್ನು ಅರ್ಧ ನುಂಗಿತ್ತು. ಅದರ ಸುತ್ತಲೂ ಅಂಟು ಮುದ್ದೆಯಾಗಿ ಕಟ್ಟಿತ್ತು. ಉಳಿದ ಟೊಂಗೆಯಲ್ಲಿ ಎಲ್ಲಿಯೂ ಅಂಟಿರಲಿಲ್ಲ, ಅಲ್ಲಿ ಮಾತ್ರ. ತಂತಿಯ ತುದಿಗೆ ಹಸಿರು ಬಲೆಯ ಒಂದು ಎಳೆ ಇನ್ನೂ ಸಿಕ್ಕಿಕೊಂಡಿತ್ತು.

ಅದು ನನ್ನದೇ ತಂತಿ. ನಾನೇ ಇಕ್ಕಳ ಹಾಕಿ ತಿರುವಿದ ಗಂಟು. ಹೌದು ನಂದು, ತಪ್ಪಾಯಿತು ಎನ್ನಲು ಬಾಯಿ ತೆರೆದೆ. ದಿನಾ ಮಕ್ಕಳಿಗೆ ಖರೆ ಮಾತಾಡಿರಿ ಎಂದು ಹೇಳುವ ಬಾಯಿ ಅದು. ಸುತ್ತ ನಿಂತ ಹೆಣ್ಣುಮಕ್ಕಳ ಮುಖಗಳನ್ನು ನೋಡಿದೆ.

“ಯಾರ ಕಟ್ಟಿದ್ರೋ ಏನೋ,” ಎಂದೆ.

“ಹೌದ್ರಿ ಅಕ್ಕಾರ,” ಎಂದಳು ದೊಡ್ಡವ್ವ. “ಯಾರೋ.”

ಗಂಡ ಮನೆಯೊಳಗೆ ಬಂದ ಮೇಲೆ, “ಎತ್ತಿಗೆ ಜ್ವರ ಬಂದ್ರ ಎಮ್ಮಿಗೆ ಬರಿ ಎಳದ್ಯಲ್ಲ,” ಎಂದಷ್ಟೇ ಹೇಳಿದರು. ಅವತ್ತು ಅವರು ನಗಲಿಲ್ಲ. ನಕ್ಕಿದ್ದರೆ ಜಗಳವಾಡಿ ಹಗುರಾಗುತ್ತಿದ್ದೆನೇನೋ.

ಆಮೇಲಿನ ದಿನಗಳು ನನಗೆ ಕಣ್ಣಿಗೆ ಮೆಣಸಿನಕಾಯಿ ಕೈ ತಾಗಿದಂತೆ. ಬಿಸಿಲು ಏರುತ್ತಾ ಹೋಯಿತು. ಹೆಣ್ಣುಮಕ್ಕಳು ಬೆಳಿಗ್ಗೆ ದೊಡ್ಡವ್ವನ ಗೋಡೆಗೆ ಅಂಟಿಕೊಂಡು ಕೂಡುತ್ತಿದ್ದರು. ನೆರಳು ಸರಿದಂತೆ ಚೀಲ, ರಾಶಿ, ನೀರಿನ ತಂಬಿಗೆ ಎಲ್ಲವನ್ನೂ ಎಳೆದುಕೊಂಡು ತಾವೂ ಸರಿಯುತ್ತಿದ್ದರು. ಮಧ್ಯಾಹ್ನ ಸರಿಯಲು ಜಾಗವೇ ಇರುತ್ತಿರಲಿಲ್ಲ. ತಲೆಯ ಮೇಲೆ ಒದ್ದೆ ಸೆರಗು ಹೊದ್ದು ಕೂಡುತ್ತಿದ್ದರು. ಒಂದು ರಜೆಯ ದಿನ ನೋಡಲಾಗದೆ ಹೊರಗೆ ಬಂದು, “ನಮ್ಮ ಪಡಸಾಲ್ಯಾಗ ಬಂದು ಕುಂಡ್ರಿ,” ಎಂದೆ. “ಬ್ಯಾಡ್ರಿ ಅಕ್ಕಾರ, ಘಾಟಿಗೆ ನಿಮಗ ಮನ್ಯಾಗ ಇರಾಕ ಆಗೂದಿಲ್ಲ,” ಎಂದಳು ಒಬ್ಬಾಕೆ. ಮಾತಿನಲ್ಲಿ ಯಾವ ಕೊಂಕೂ ಇರಲಿಲ್ಲ. ನಾನೇ ಕೊಂಕು ಹುಡುಕಿಕೊಂಡು ಒಳಗೆ ಬಂದೆ.

ಅದೇ ವಾರ ಲಕ್ಷ್ಮೇಶ್ವರದಿಂದ ಅಕ್ಕ ಬಂದಳು. ಕಾರಿನ ಚಾವಣಿಯ ಹಿಂದಿನ ಅಂಚಿನಲ್ಲಿ, ನಾನು ಗಮನಿಸಿರದ ಒಂದು ಅಂಟಿನ ಹನಿ ಆಕೆಯ ಕಣ್ಣಿಗೆ ಬಿತ್ತು. ಅವರ ಹಿತ್ತಲಲ್ಲಿ ನುಗ್ಗೆ ಮರವಿದೆ, ಅದರ ಕೆಳಗೇ ಅಳಿಯನ ಬೈಕು ನಿಲ್ಲುತ್ತದೆ. ಊರಿನ ಸುದ್ದಿ ಹೇಳುತ್ತಲೇ ಬೆಚ್ಚಗಿನ ನೀರಲ್ಲಿ ಬಟ್ಟೆ ಅದ್ದಿ ಅದರ ಮೇಲೆ ಹಾಕಿದಳು. ಇಬ್ಬರೂ ಚಹಾ ಕುಡಿದೆವು. ಬಂದು ಬಟ್ಟೆ ಎತ್ತಿದರೆ ಹನಿ ಇರಲಿಲ್ಲ, ಕೆಂಪು ಬಣ್ಣ ಹಾಗೇ ಹೊಳೆಯುತ್ತಿತ್ತು.

“ಇಷ್ಟನಾ?” ಎಂದೆ.

“ಮತ್ತೇನು, ಹೋಮಾ ಮಾಡಬೇಕಿತ್ತೇನು?” ಎಂದಳು ಅಕ್ಕ. ನಾನು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಯುಗಾದಿ ಬಂತು. ನಮ್ಮ ಕಡೆ ಯುಗಾದಿಗೆ ಬೇವು ಎಂದರೆ ಬರೀ ಎಲೆ ಬೆಲ್ಲ ಅಲ್ಲ. ಹೊಸ ಗಡಿಗೆಯಲ್ಲಿ ನೀರು, ಬೆಲ್ಲ, ಹುಣಸೆ, ಪುಟಾಣಿ ಹಿಟ್ಟು, ಮಾವಿನಕಾಯಿ ಹಾಕಿ, ಮೇಲೆ ಬೇವಿನ ಹೂವು ಉದುರಿಸಿ ಕದಡಿದ ಪಾನಕಕ್ಕೇ ಬೇವು ಎನ್ನುತ್ತೇವೆ. ಓಣಿಗೆಲ್ಲ ಹೂವು ಕೊಡುತ್ತಿದ್ದುದು ಆ ಟೊಂಗೆಯೇ. ಅದರ ತುದಿ ಕೈಗೆ ನಿಲುಕುವಂತೆ ಬಾಗಿರುತ್ತಿತ್ತು. ಈ ಸಲ ಹೂವು ತರಲು ನಾನು ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ? ಹೂವಿಲ್ಲದೆಯೇ ನಮ್ಮ ಮನೆಯ ಬೇವು ಆಗಿತ್ತು.

ಪೂಜೆ ಮುಗಿಯುವ ಹೊತ್ತಿಗೆ ದೊಡ್ಡವ್ವ ತಂಬಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. “ಹೂವ ಮ್ಯಾಲ ಅದಾವ್ರಿ ಈ ಸಲ. ಮಾಳಗಿ ಹತ್ತಿ ಬಗ್ಗಿಸಿ ಇಳಸಿದ್ವಿ. ನಿಮ್ಮ ಪಾಲಿಂದು ತಂದೇನಿ,” ಎಂದು ಲೋಟಕ್ಕೆ ಸುರುವಿ ನನ್ನ ಕೈಗೆ ಕೊಟ್ಟಳು.

“ದೊಡ್ಡವ್ವ, ಆ ತಂತಿ...” ಎಂದೆ.

“ನನಗ ಗೊತ್ತೈತ್ರಿ,” ಎಂದಳು. “ಬಲಿ ಹರದು ಹೋದಾಗಿಂದ ನೋಡೇನಿ. ಬಿಚ್ಚಾಕ ಹೋದೆ, ನನಗ ನಿಲುಕಲಿಲ್ಲ. ನೀವ ಬಿಚ್ತೀರಿ ಅಂತ ಬಿಟ್ಟೆ.”

“ಗೊತ್ತಿದ್ದೂ ಯಾಕ ಕಡಿಸಿದ್ರಿ? ಅವತ್ತ ನನಗ ಹೇಳಬೇಕಿತ್ತಲ್ಲ.”

“ಅಷ್ಟು ಮಂದಿ ಮುಂದ ಹೆಂಗ ಹೇಳ್ಲಿ? ಸಾಲಿ ಕಲಿಸೋ ಅಕ್ಕಾರ ಮಾರಿ ಸಣ್ಣದಾಕ್ಕಿತ್ತು. ಟೊಂಗಿ ಏನ ಬಿಡ್ರಿ, ಮತ್ತ ಚಿಗೀತೈತಿ. ಬಿಸಲೂ ನಮಗ ಹೊಸಾದೇನಲ್ಲ.” ತಂಬಿಗೆಯ ಅಂಚನ್ನು ಸೆರಗಿನಿಂದ ಒರೆಸಿದಳು. “ಆದ್ರ ತಂತಿ ನೋಡಿದ ಮ್ಯಾಲೂ ನೀವು ಯಾರೋ ಅಂದ್ರಲ್ಲ, ಆ ಮಾತಿಗೆ ಮಾತ್ರ ಭಾಳ ಕೆಟ್ಟನಿಸ್ತ್ರಿ.”

ನಾನು ಲೋಟವನ್ನು ಬಾಯಿಗೆ ಎತ್ತಿದೆ.

“ಕದಡಿ ಕುಡೀರಿ,” ಎಂದಳು ದೊಡ್ಡವ್ವ. “ಹೂವ ತಳಕ್ಕ ಕುಂತಿರತಾವ.”