ಮಂಗನ ಕಾಯಿಲೆ ಅಲ್ಲ

ಹೊಸನಗರದಲ್ಲಿ, ತಾಲೂಕು ಕಚೇರಿಯ ಎದುರು ನನ್ನದೊಂದು ಜೆರಾಕ್ಸ್ ಅಂಗಡಿ. ಪಹಣಿ, ಆಧಾರ್, ಜಾತಿ ಸರ್ಟಿಫಿಕೇಟು, ಮರಣಪತ್ರ, ಊರಿನವರ ಎಲ್ಲ ಕಾಗದವೂ ಒಂದಲ್ಲ ಒಂದು ದಿನ ನನ್ನ ಕೈಗೆ ಬರುತ್ತದೆ. ಗಂಡ ಬಿಟ್ಟುಹೋಗಿ ಒಂಬತ್ತು ವರ್ಷವಾಯಿತು. ಭಾವ ತೀರಿಕೊಂಡ ಮೇಲೆ ಅಕ್ಕ ನನ್ನ ಜೊತೆಗೇ ಬಂದಳು. ಅವಳು ರವಿಕೆ ಹೊಲಿಯುತ್ತಾಳೆ. ಇಬ್ಬರಿಗೂ ಜಗಳವಾಡುವಷ್ಟು ಮಾತಿಲ್ಲ.

ನನ್ನ ಮೆಷಿನ್ ಕೆಟ್ಟಾಗ ಶಿವಮೊಗ್ಗದ ಕಡೆಯಿಂದ ಒಬ್ಬ ಮೆಕ್ಯಾನಿಕ್ ಬರುತ್ತಿದ್ದ. ನನ್ನದೇ ವಯಸ್ಸು, ಮದುವೆಯಾದವನು. ನಾಲ್ಕು ವರ್ಷದ ಪರಿಚಯ. ಆ ಡಿಸೆಂಬರಿನಲ್ಲಿ, ಸಾಗರದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಮೆಷಿನ್ ಇದೆ, ಬನ್ನಿ ತೋರಿಸುತ್ತೇನೆ ಎಂದ. ಹೋದೆ. ಮೆಷಿನ್ ನೋಡಿದ್ದೂ ನಿಜ. ಊಟ ಮಾಡಿದೆವು. ಊಟವಾದ ಮೇಲೆ ಅವನು ಕೇಳಿದ, ನಾನು ಬೇಡ ಎನ್ನಲಿಲ್ಲ. ಬಲವಂತವೇನೂ ಇರಲಿಲ್ಲ, ಅದನ್ನು ಸ್ಪಷ್ಟವಾಗಿಯೇ ಹೇಳಬೇಕು. ಬಸ್‌ಸ್ಟ್ಯಾಂಡಿನ ಹತ್ತಿರದ ಲಾಡ್ಜು, ಮಧ್ಯಾಹ್ನದ ಮೂರು ಗಂಟೆ. ಅವನು ಏನೂ ಬಳಸಲಿಲ್ಲ, ನಾನೂ ಕೇಳಲಿಲ್ಲ. ನನಗೆ ಮಕ್ಕಳಾಗುವುದಿಲ್ಲ ಎಂದು ಡಾಕ್ಟರು ಹಿಂದೆಯೇ ಹೇಳಿದ್ದರು. ಹಾಗಿರುವಾಗ ಹೆದರಲು ಏನಿದೆ ಎಂದುಕೊಂಡಿದ್ದೆ.

ವಾಪಸು ಬರುವಾಗ ಬಸ್ಸಿನಲ್ಲಿ ಲಾಡ್ಜಿನ ಮ್ಯಾನೇಜರ್ ಹೇಳಿದ ಮಾತು ನೆನಪಾಯಿತು. ಬೀಗದ ಕೈ ಕೊಡುವಾಗ ಅವನು ನನ್ನ ಕಡೆ ನೋಡದೆ, "ಏನ್ ಸರ್, ಅದೇ ರೂಮಾ?" ಎಂದಿದ್ದ. ಆಗ ಅದು ಕಿವಿಗೆ ಬಿದ್ದಿತ್ತು, ತಲೆಗೆ ಹೋಗಿರಲಿಲ್ಲ. ಈಗ ಹೋಯಿತು. ಆದರೂ ಸಿಟ್ಟು ಬರಲಿಲ್ಲ. ಮನೆಗೆ ಬಂದು ಅನ್ನಕ್ಕೆ ಇಟ್ಟೆ.

ಮೂರು ವಾರದ ಮೇಲೆ ಜ್ವರ ಬಂತು. ಗಂಟಲು ನೋವು, ಮೈಕೈ ನೋವು, ಎದೆಯ ಮೇಲೆ ಸಣ್ಣ ಕೆಂಪು ಗುಳ್ಳೆ. ಮಲಗಿಕೊಂಡೇ ಮೊಬೈಲಿನಲ್ಲಿ ಹುಡುಕಿದೆ. ಎಚ್ಐವಿ ಹತ್ತಿದವರಿಗೆ ಎರಡರಿಂದ ನಾಲ್ಕು ವಾರದೊಳಗೆ ಇದೇ ಜ್ವರ, ಇದೇ ಗಂಟಲು, ಇದೇ ಗುಳ್ಳೆ ಬರಬಹುದು ಎಂದಿತ್ತು. ಸಾಮಾನ್ಯ ಜ್ವರಕ್ಕೂ ಇವೇ ಲಕ್ಷಣ ಎಂದೂ ಕೆಳಗೆ ಬರೆದಿತ್ತು. ಆ ಸಾಲನ್ನು ಓದಿದೆ, ನಂಬಲಿಲ್ಲ. ಎಪ್ಪತ್ತೆರಡು ಗಂಟೆಯ ಒಳಗೆ ಶುರು ಮಾಡಿದರೆ ತಡೆಯುವ ಮಾತ್ರೆಗಳಿವೆ ಎಂಬುದೂ ನನಗೆ ಗೊತ್ತಾದದ್ದು ಆಗಲೇ, ಇಪ್ಪತ್ಮೂರನೇ ದಿನ. ಮೊಬೈಲು ಬದಿಗಿಟ್ಟು ಗೋಡೆ ನೋಡುತ್ತ ಮಲಗಿದೆ. ಎದೆ ಹೊಡೆದುಕೊಳ್ಳುತ್ತದೆ ಎಂದು ಕಾದೆ. ಅದೂ ಆಗಲಿಲ್ಲ. ಹಲ್ಲು ಕೀಳುವಾಗ ಇಂಜೆಕ್ಷನ್ ಕೊಟ್ಟಮೇಲೆ ದವಡೆ ಇರುತ್ತದಲ್ಲ, ಮೈಯೆಲ್ಲ ಹಾಗಾಗಿತ್ತು.

ಜನವರಿಯಲ್ಲಿ ನಮ್ಮ ಕಡೆ ಯಾರಿಗಾದರೂ ಜ್ವರ ಬಂದರೆ ಮೊದಲು ಕೇಳುವುದೇ ಮಂಗನ ಕಾಯಿಲೆಯಾ ಎಂದು. ಕಾಡಿನ ಉಣುಗು ಕಚ್ಚಿ ಬರುವ ಜ್ವರ ಅದು, ಸಾಯುವವರೂ ಇದ್ದಾರೆ. ಎರಡನೇ ದಿನಕ್ಕೇ ಅಕ್ಕ ಆಶಾ ಕಾರ್ಯಕರ್ತೆಯನ್ನು ಕರೆದುಕೊಂಡು ಬಂದಳು.

"ಕಾಡಿಗೆ ಹೋಗಿದ್ರಾ? ದರಗೆಲೆ ಗುಡಿಸೋಕೆ?" ಎಂದು ಆಕೆ ಕೇಳಿದಳು.

"ಇಲ್ಲ."

"ಮತ್ತೆಲ್ಲಾದ್ರೂ ಹೋಗಿದ್ರಾ?"

"ಸಾಗರಕ್ಕೆ ಹೋಗಿದ್ದೆ," ಎಂದೆ. ಆಕೆ ನಕ್ಕಳು. "ಸಾಗರದಲ್ಲಿ ಉಣುಗು ಕಚ್ಚಲ್ಲ ಬಿಡಿ. ಆದ್ರೂ ರಕ್ತ ಕೊಡಿ, ನೋಡಣ."

ಕೊಡುವುದಿಲ್ಲ ಎಂದೆ. ನನ್ನ ರಕ್ತ ತೆಗೆದರೆ ಅದರಲ್ಲಿರುವುದನ್ನೆಲ್ಲ ಒಮ್ಮೆಗೇ ಓದಿಬಿಡುತ್ತಾರೆ ಎಂದು ನನ್ನ ತಲೆಯಲ್ಲಿತ್ತು. ಅಕ್ಕ ಬಯ್ದಳು. "ಎಂತದೇ ನಿಂದು ಹಟ? ಸಾಯ್ತೀಯಾ?" ಕೊನೆಗೆ ಆಸ್ಪತ್ರೆಗೆ ಹೋಗಿ ತೋಳು ಚಾಚಿದೆ.

ಫಲಿತಾಂಶ ಬರುವ ಹೊತ್ತಿಗೆ ಜ್ವರ ಬಿಟ್ಟಿತ್ತು. ಅಕ್ಕ ಹೊಲಿಯುತ್ತಿದ್ದ ಬಟ್ಟೆ ಬಿಟ್ಟು ಅಂಗಡಿಯವರೆಗೆ ಓಡಿಬಂದಳು. "ಮಂಗನ ಕಾಯಿಲೆ ಅಲ್ವಂತೆ ಕಣೇ!" ಅವಳ ಕಣ್ಣಲ್ಲಿ ನೀರಿತ್ತು. ಮಂಗನ ಕಾಯಿಲೆಯೇ ಆಗಿರಲಿ ಎಂದು ನಾನು ಐದು ದಿನದಿಂದ ಬೇಡಿಕೊಂಡಿದ್ದೆ. "ಹೌದಾ" ಎಂದು ಹೇಳಿ, ಕಾದಿದ್ದವರ ಪಹಣಿಯನ್ನು ಮೆಷಿನ್ನಿಗೆ ಇಟ್ಟೆ.

ಆರು ವಾರ ತುಂಬಿದ ಮೇಲೆ ತೀರ್ಥಹಳ್ಳಿಗೆ ಹೋದೆ. ಹೊಸನಗರದಲ್ಲಿ ಎಲ್ಲರೂ ಗೊತ್ತು, ಸಾಗರಕ್ಕೆ ಮತ್ತೆ ಕಾಲಿಡುವ ಮನಸ್ಸಿರಲಿಲ್ಲ. ಪೇಪರ್ ಬಂಡಲ್ ತರಬೇಕು ಎಂದು ಅಕ್ಕನಿಗೆ ಸುಳ್ಳು ಹೇಳಿದೆ. ಹುಂಚದ ಮೇಲೆ ಹೋಗುವ ಬಸ್ಸು ತುಂಬಿತ್ತು. ದಾರಿಯುದ್ದಕ್ಕೂ ನಿಂತೇ ಹೋದೆ, ಕಾಲು ನೋಯಲಿಲ್ಲ.

ಸರ್ಕಾರಿ ಆಸ್ಪತ್ರೆಯಲ್ಲಿ ಈ ಪರೀಕ್ಷೆಗೆ ಒಂದು ಬೇರೆಯೇ ಕೋಣೆ. ಆಪ್ತಸಮಾಲೋಚಕಿಗೆ ಮೂವತ್ತರ ಒಳಗಿನ ವಯಸ್ಸು. ಬಾಗಿಲು ಹಾಕಿ ನೀರು ಕೊಟ್ಟಳು. ಹೇಗಾಯಿತು, ಯಾವಾಗ, ಕಾಂಡೋಮ್ ಬಳಸಿದ್ದರಾ ಎಂದು ಬಸ್ಸಿನ ಟೈಮು ಕೇಳುವ ಹಾಗೆ ಕೇಳಿದಳು. ನಾನೂ ಹಾಗೆಯೇ ಹೇಳಿದೆ. ಒಂಬತ್ತು ವರ್ಷದಲ್ಲಿ ನನ್ನನ್ನು ಯಾರೂ ಇಷ್ಟು ಪ್ರಶ್ನೆ ಕೇಳಿರಲಿಲ್ಲ.

"ಜ್ವರ, ಗುಳ್ಳೆ ನೋಡ್ಕೊಂಡು ಯಾರೂ ಹೇಳೋಕಾಗಲ್ಲ ಮೇಡಂ. ರಕ್ತ ನೋಡಿದ್ರೇ ಗೊತ್ತಾಗೋದು. ಇವತ್ತು ಇಲ್ಲ ಅಂತ ಬಂದ್ರೂ ಮೂರು ತಿಂಗಳು ತುಂಬಿದ್ಮೇಲೆ ಇನ್ನೊಂದ್ಸಲ ಬನ್ನಿ. ಇದೆ ಅಂತ ಬಂದ್ರೆ ಮಾತ್ರೆ ಇದೆ. ಸರಿಯಾಗಿ ತಗೊಂಡ್ರೆ ಎಲ್ರ ಹಾಗೇ ಬದುಕ್ತಾರೆ."

ರಕ್ತ ಕೊಟ್ಟು ಹೊರಗೆ ಬೆಂಚಿನ ಮೇಲೆ ಕೂತೆ. ಪಕ್ಕದ ಕೋಣೆಯಿಂದ ಒಬ್ಬ ಹೆಂಗಸು ಮಾತ್ರೆಯ ಡಬ್ಬಿಯನ್ನು ಬಟ್ಟೆ ಚೀಲದ ಅಡಿಗೆ ತಳ್ಳುತ್ತ ಹೊರಗೆ ಬಂದಳು. ತಲೆ ಎತ್ತಿದಾಗ ಇಬ್ಬರೂ ಒಬ್ಬರನ್ನೊಬ್ಬರು ಗುರುತಿಸಿದೆವು. ನನ್ನ ಅಂಗಡಿಯ ಪಕ್ಕದಲ್ಲಿ ಚಾ ಕ್ಯಾಂಟೀನು ಇಟ್ಟಿರುವವಳು. ಆರು ವರ್ಷದಿಂದ ದಿನಕ್ಕೆರಡು ಸಲ ಅವಳ ಕೈಯ ಚಾ ಕುಡಿದಿದ್ದೇನೆ.

ಅವಳು ಓಡಿಹೋಗಲಿಲ್ಲ. ಬಂದು ಪಕ್ಕದಲ್ಲಿ ಕೂತಳು.

"ನೀವೂ ಇಲ್ಲಿಗೇ ಬಂದ್ರಾ ಅಕ್ಕ," ಎಂದಳು. "ನಂದು ಹನ್ನೊಂದು ವರ್ಷ ಆಯ್ತು. ಗಂಡನಿಂದ ಬಂತು. ಅವ್ರು ಹೋದ್ರು, ನಾನು ಉಳ್ಕಂಡೆ. ಊರಲ್ಲಿ ಗೊತ್ತಾದ್ರೆ ಕ್ಯಾಂಟೀನ್ ಮುಚ್ಬೇಕಾಗ್ತದೆ ಅಂತ ಇಷ್ಟು ದೂರ ಬರ್ತೀನಿ."

"ನಾನ್ಯಾರಿಗೂ ಹೇಳಲ್ಲ," ಎಂದೆ.

"ನಾನೂ ಹೇಳಲ್ಲ. ಎಂತ ಬಂದ್ರೂ ಹೆದ್ರಬೇಡಿ ಮಾರಾಯ್ತಿ. ನನ್ನ ನೋಡಿ."

ನೋಡಿದೆ. ಗುಂಡುಗುಂಡಗೆ ಇದ್ದಳು. ನನಗಿಂತ ಚೆನ್ನಾಗಿದ್ದಳು. ಆದರೆ ಆ ಹೊತ್ತಿನಲ್ಲಿ ನಾನು ಯೋಚಿಸುತ್ತಿದ್ದದ್ದು ಅವಳ ಕ್ಯಾಂಟೀನಿನ ಗಾಜಿನ ಲೋಟಗಳ ಬಗ್ಗೆ. ಚಾದಿಂದ, ಲೋಟದಿಂದ, ಕೈ ಮುಟ್ಟಿದರೆ ಅದು ಹರಡುವುದಿಲ್ಲ ಎಂದು ಐದು ನಿಮಿಷದ ಹಿಂದೆಯಷ್ಟೇ ಎದುರಿನ ಗೋಡೆಯ ಪೋಸ್ಟರಿನಲ್ಲಿ ಓದಿದ್ದೆ. ಅದೇ ರೋಗ ನನ್ನ ಮೈಯಲ್ಲಿರಬಹುದು ಎಂದು ಕೂತಿದ್ದ ನಾನೇ ಬೆಂಚಿನ ಮೇಲೆ ಒಂದು ಗೇಣು ಆಚೆ ಸರಿದೆ. ಅವಳು ಗಮನಿಸಿದಳು. ಚೀಲ ಎತ್ತಿಕೊಂಡು, "ಬಸ್ಸಿಗೆ ಹೊತ್ತಾಯ್ತು, ಹೋಗ್ತೀನಿ" ಎಂದಳು.

ನನ್ನ ರಿಪೋರ್ಟಿನಲ್ಲಿ ಇಲ್ಲ ಎಂದಿತ್ತು. ಸಮಾಲೋಚಕಿ ಸಂತೋಷದಿಂದ ಹೇಳಿದಳು. ನಾನು ಥ್ಯಾಂಕ್ಸ್ ಎಂದೆ. ಪೇಪರ್ ಬಂಡಲ್ ಕೊಳ್ಳದೆ ಮನೆಗೆ ಬಂದೆ, ಅಕ್ಕ ಕೇಳಲೂ ಇಲ್ಲ.

ಮುಂದಿನ ವಾರಗಳಲ್ಲಿ ಎರಡು ಕೆಲಸ ಮಾಡಿದೆ. ಮೆಕ್ಯಾನಿಕ್ಕಿಗೆ ಫೋನ್ ಮಾಡಿ, ನೀವೂ ರಕ್ತ ಪರೀಕ್ಷೆ ಮಾಡಿಸಿಕೊಳ್ಳಿ, ನಿಮ್ಮ ಹೆಂಡತಿಗಾದರೂ ಗೊತ್ತಾಗಬೇಕಲ್ಲ ಎಂದೆ. "ನಂಗೆಂಥ ಕಾಯಿಲೆ? ನಿಮ್ಗೇ ಏನೋ ಆಗಿರ್ಬೇಕು" ಎಂದು ಫೋನ್ ಇಟ್ಟ. ಆಮೇಲೆ ಅವನ ನಂಬರಿಗೆ ಕಾಲ್ ಹೋಗಲಿಲ್ಲ. ಎರಡನೆಯದು, ಕ್ಯಾಂಟೀನಿಗೆ ಹೋಗುವುದನ್ನು ನಿಲ್ಲಿಸಿದೆ. ಹೊಟ್ಟೆ ಸರಿಯಿಲ್ಲ, ಚಾ ಬಿಟ್ಟಿದ್ದೇನೆ ಎಂದು ಕೇಳಿದವರಿಗೆ ಹೇಳಿದೆ. ಅವಳು ಮಾತ್ರ ಏನೂ ಕೇಳಲಿಲ್ಲ. ಬೆಳಿಗ್ಗೆ ಬಾಗಿಲು ತೆಗೆಯುವಾಗ ಎದುರಾದರೆ ತಲೆ ಆಡಿಸುತ್ತಿದ್ದಳು. ನಾಚಿಕೆಯಾಗಬೇಕಿತ್ತು. ಆಗುತ್ತದೆ ಎಂದು ಗೊತ್ತಿತ್ತು, ಬಂದಿರಲಿಲ್ಲ ಅಷ್ಟೆ.

ಅದು ಬಂದದ್ದು ಏಪ್ರಿಲಿನಲ್ಲಿ. ಮೂರು ತಿಂಗಳು ತುಂಬಿ, ಎರಡನೇ ಪರೀಕ್ಷೆಯಲ್ಲೂ ಇಲ್ಲ ಎಂದು ಬಂದಿತ್ತು. ಇನ್ನು ಬರಬೇಕಾಗಿಲ್ಲ ಮೇಡಂ ಎಂದಿದ್ದಳು ಸಮಾಲೋಚಕಿ. ಮರುದಿನ ಕ್ಯಾಂಟೀನಿಗೆ ಹೋಗಿ ನಿಂತೆ. ಬೇರೆ ಗಿರಾಕಿ ಇರಲಿಲ್ಲ. ಅವಳು ಚಾದ ಪಾತ್ರೆ ಹಿಡಿದುಕೊಂಡೇ ನನ್ನ ಮುಖ ನೋಡಿ, ಮೆಲ್ಲಗೆ, "ಪೇಪರ್ ಲೋಟದಲ್ಲಿ ಕೊಡ್ಲಾ?" ಎಂದಳು.

ಆ ಮಾತು ಕೇಳಿ ಅಲ್ಲಿದ್ದ ಬೆಂಚಿನ ಮೇಲೆ ಕೂತುಬಿಟ್ಟೆ. ನಾಲ್ಕು ತಿಂಗಳಲ್ಲಿ ನನ್ನ ಮೈಗೆ ಏನಾದರೂ ತಾಗಿದ್ದು ಅದೇ ಮೊದಲು.

"ಬೇಡ, ಗಾಜಿಂದರಲ್ಲೇ ಕೊಡಿ," ಎಂದೆ. "ನನ್ನದು ತಪ್ಪಾಯ್ತು."

"ಅಯ್ಯ, ಎಲ್ರಿಗೂ ಹಾಗೇ ಆಗ್ತದೆ," ಎಂದು ಚಾ ಸುರಿದಳು. "ನನ್ನ ಸ್ವಂತ ತಂಗಿ ಹನ್ನೊಂದು ವರ್ಷದಿಂದ ನಮ್ಮನೇಲಿ ನೀರು ಕುಡ್ದಿಲ್ಲ. ನಿಮ್ದು ಎಂತ ಬಂತು?"

"ಇಲ್ಲ ಅಂತ ಬಂತು."

"ಒಳ್ಳೇದಾಯ್ತು," ಎಂದಳು. ಅವಳ ದನಿಯಲ್ಲಿ ಹೊಟ್ಟೆಕಿಚ್ಚಿನ ಎಳೆಯೂ ಇರಲಿಲ್ಲ. ನಾನು ಹುಡುಕಿದೆ, ಸಿಗಲಿಲ್ಲ.

ಅಕ್ಕನಿಗೆ ಹೇಳಿದ್ದು ಇನ್ನೂ ಎರಡು ತಿಂಗಳ ಮೇಲೆ, ಮಳೆ ಹಿಡಿಯುವ ಮುಂಚಿನ ಒಂದು ಭಾನುವಾರ. ಅವಳು ಗುಂಡಿ ಹಚ್ಚುತ್ತಿದ್ದಳು. ಕ್ಯಾಂಟೀನಿನವಳ ವಿಷಯ ಬಿಟ್ಟು, ಸಾಗರದ್ದು, ಜ್ವರದ್ದು, ತೀರ್ಥಹಳ್ಳಿಯದ್ದು ಎಲ್ಲ ಹೇಳಿದೆ. ಅವಳು ಸೂಜಿ ನಿಲ್ಲಿಸಲಿಲ್ಲ. ಯಾರು ಎಂದು ಕೇಳಲಿಲ್ಲ. ನಾಚಿಕೆಗೇಡು ಎನ್ನಲಿಲ್ಲ. ದಾರ ಹಲ್ಲಿನಲ್ಲಿ ಕಚ್ಚಿ ತುಂಡು ಮಾಡಿ, "ಎರಡು ಸಲನೂ ಒಬ್ಳೇ ಹೋದ್ಯಾ?" ಎಂದಳು.

"ಹೂಂ."

"ನನ್ನ ಕರೀಬಹುದಿತ್ತಲ್ಲ."

ಅವಳು ಇನ್ನೊಂದು ರವಿಕೆ ತೆಗೆದುಕೊಂಡಳು. ನಾನು ಅವಳ ಪಕ್ಕದಲ್ಲಿ ಕೂತು, ಅವಳಿಗಾಗಿ ಸೂಜಿಗೆ ದಾರ ಪೋಣಿಸಿಕೊಟ್ಟೆ.